ಅರ್ಧ ಹಾಳೆ ಉಳಿಸದ ಯಂತ್ರ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಹೋಗಿದ್ದ ಕರೆಂಟು ಬಂದು ಕಂಪ್ಯೂಟರು ಮತ್ತೆ ಶುರುವಾದಾಗ ಪರದೆಯ ಮೂಲೆಯಲ್ಲಿ ಕಂಡ ಸಮಯ ಅದು. ಆಮೇಲೆ ನಡೆದದ್ದು ಎರಡು ನಿಮಿಷವೋ ಹತ್ತು ನಿಮಿಷವೋ ನನಗೆ ಇವತ್ತಿಗೂ ಗೊತ್ತಿಲ್ಲ.

ವಿಜಯಪುರದ ಅಥಣಿ ರಸ್ತೆಯಲ್ಲಿರುವ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನಾನು ಸಹಾಯಕಿ. ರ್ಯಾಕುಗಳ ಸಾಲು ಮುಗಿದ ಮೇಲೆ ಅಲ್ಲೊಂದು ಹಿಂದಿನ ಕೋಣೆ ಇದೆ. ಹೊಸ ಪುಸ್ತಕಕ್ಕೆ ಕಾಲೇಜಿನ ಹೆಸರಿನ ಸಿಕ್ಕಾ ಹೊಡೆದು, ವಿಷಯ ನೋಡಿ ನಂಬರು ಕೊಟ್ಟು, ಬೆನ್ನಿಗೆ ಆ ನಂಬರಿನ ಲೇಬಲ್ ಅಂಟಿಸುವುದು ಅಲ್ಲಿಯೇ. ಕೋಣೆಗೆ ಒಂದೇ ಬಾಗಿಲು. ಬಾಗಿಲ ಪಕ್ಕದ ಮೇಜಿನ ಮೇಲೆ ಪ್ರಿಂಟರ್, ಮೇಜಿನ ಕೆಳಗೆ ರದ್ದಿಗೆ ಹಾಕಲು ಕಟ್ಟಿಟ್ಟ ಹಳೆಯ ಪತ್ರಿಕೆಗಳು. ಎದುರು ಗೋಡೆಯಲ್ಲಿ ಸರಳು ಹಾಕಿದ ಕಿಟಕಿ, ಅದರ ಕೆಳಗೆ ನನ್ನ ಕುರ್ಚಿ.

ಕರೆಂಟು ಬಂದ ಕೂಡಲೇ ಅಕ್ಕೋರು ಪ್ರಿಂಟರಿಗೆ ಒಂದು ಲೇಬಲ್ ಹಾಳೆ ಕೊಟ್ಟು ಹೊರಗೆ ಕೌಂಟರಿಗೆ ಹೋದರು. ಅಕ್ಕೋರು ಅಂದರೆ ನಮ್ಮ ಗ್ರಂಥಪಾಲಕಿ. ನಮ್ಮ ಕಡೆ ಪಾಠ ಹೇಳುವ ಟೀಚರಿಗೆ ಹಾಗೆ ಅನ್ನುತ್ತಾರೆ. ಒಂದು ದಿನವೂ ಪಾಠ ಮಾಡಿದವರಲ್ಲ. ಆದರೂ ಇಡೀ ಕಾಲೇಜು ಅವರನ್ನು ಕರೆಯುತ್ತಿದ್ದುದು ಹಾಗೆ. ಯಂತ್ರ ಹಾಳೆಯನ್ನು ಅರ್ಧ ಎಳೆದುಕೊಂಡು ನಿಂತಿತು. ಹಲ್ಲು ಕಡಿದಂಥ ಸದ್ದು ಬಂತು, ಹಿಂದೆಯೇ ಅಂಟು ಕಾಯ್ದ ವಾಸನೆ. ನಾನು ಎದ್ದು ನಿಲ್ಲುವುದರೊಳಗೆ ಪ್ರಿಂಟರಿನ ಹಿಂದಿನ ಪ್ಲಗ್ಗು ಕಿಡಿ ಉದುರಿಸಿತು, ಕೆಳಗಿನ ರದ್ದಿ ಹತ್ತಿಕೊಂಡಿತು. ಈಗ ಉರಿ ನನಗೂ ಬಾಗಿಲಿಗೂ ನಡುವೆ ಇತ್ತು.

ಹೊರಗೆ ಅಕ್ಕೋರ ದನಿ ಕೇಳಿಸಿತು. "ಎಲ್ಲಾರೂ ಹೊರಗ ನಡೀರಿ. ಓಡಬ್ಯಾಡ್ರಿ, ನಡೀರಿ." ಅದರ ಬೆನ್ನಿಗೇ ದೀಪಗಳೆಲ್ಲ ಆರಿದವು. ಅವರು ಮೇನ್ ಸ್ವಿಚ್ ತೆಗೆದಿದ್ದರು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಆಗ ಅನಿಸಿದ್ದು ಇಷ್ಟೇ: ಎಲ್ಲರೂ ಹೋದರು, ನಾನಿಲ್ಲಿರುವುದು ಯಾರಿಗೂ ನೆನಪಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಮೊದಲು ಬರುವುದು ಆ ಯೋಚನೆ. ಬೆಂಕಿ ಅದರ ನಂತರ.

ಓದುವ ಕೋಣೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಗಡಿಗೆ ಇದೆ. ಬಿಸಿಲು ಶುರುವಾದರೆ ನೀರು ತಣ್ಣಗಿರಲೆಂದು ಅದಕ್ಕೆ ಹಸಿ ಗೋಣಿಚೀಲ ಸುತ್ತುತ್ತೇವೆ. ಅಕ್ಕೋರು ಆ ಗೋಣಿಯನ್ನು ಕಿತ್ತು ತಲೆಯ ಮೇಲೆ ಹೊದ್ದುಕೊಂಡು ಒಳಗೆ ಬಂದು ನನ್ನನ್ನೂ ಅದರೊಳಗೆ ಎಳೆದುಕೊಂಡರು. "ಸೀರಿ ಎತ್ತಿ ಹಿಡಿ. ಬಾಯಿ ಮುಚ್ಚು. ನಡಿ ಬೇ," ಅಂದರು. ನಡೆದೆವು. ಅವರ ಎಡಗೈ ಮೊಳಕೈವರೆಗೆ ಸುಟ್ಟಿತು. ನನ್ನ ಸೀರೆಯ ಅಂಚು ಕೂಡ ಸುಡಲಿಲ್ಲ.

ಅವರು ಈ ಬೇಸಿಗೆಯ ಕೊನೆಗೆ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ನಾಲ್ಕು ಮಾತಾಡು ಎಂದು ಕಾಲೇಜಿನವರು ನನ್ನನ್ನು ನಿಲ್ಲಿಸಿದ್ದರು. ಎರಡು ವಾಕ್ಯ ಆಡಿ ಕುಳಿತುಬಿಟ್ಟೆ. ಆವತ್ತು ಹೇಳಲಾಗದ್ದನ್ನು ಬರೆಯುತ್ತೇನೆಂದು ಫೋನ್ ಮಾಡಿದಾಗ ಅವರು, "ಬರಿ ತಂಗಿ. ಆದ್ರ ಹೆಸರು ಗಿಸರು ಹಾಕಬ್ಯಾಡ. ಬೇಕಾದ್ರ ನಂಬರ್ ಹಾಕು," ಅಂದರು.

ಅದು ಬರೀ ತಮಾಷೆಯಲ್ಲ. ಅಕ್ಕೋರಿಗೆ ಹುಡುಗರ ಹೆಸರು ನೆನಪಿರುತ್ತಿರಲಿಲ್ಲ. ಯಾರು ಯಾವ ರ್ಯಾಕಿನ ಮುಂದೆ ಹೆಚ್ಚು ನಿಲ್ಲುತ್ತಾರೋ ಆ ನಂಬರೇ ಅವರ ಹೆಸರು. ಅರ್ಥಶಾಸ್ತ್ರದವನು ಮುನ್ನೂರಾ ಮೂವತ್ತು. ಇತಿಹಾಸ ಓದುವ ಹುಡುಗಿ ಒಂಬೈನೂರಾ ಐವತ್ನಾಲ್ಕು. "ಏ ಮುನ್ನೂರಾ ಮೂವತ್ತ, ಪುಸ್ತಕ ಒಯ್ದು ಎಷ್ಟ ದಿನಾ ಆತು? ಅದಕ್ಕೇನ್ ಹೆರಿಗಿ ಮಾಡ್ಸಾಕತ್ತೀಯೇನು?" ಎಂದು ಅವರು ಕೌಂಟರಿನಿಂದ ಕೇಳಿದರೆ ಇಡೀ ಓದುವ ಕೋಣೆ ಪುಸ್ತಕದೊಳಗೆ ಮುಖ ಮುಚ್ಚಿಕೊಂಡು ನಗುತ್ತಿತ್ತು. ಬಯ್ಯಿಸಿಕೊಂಡವನು ಮರುದಿನ ಪುಸ್ತಕದ ಜೊತೆ ಮನೆಯ ಜವಾರಿ ಬದನೆಕಾಯಿಯನ್ನೂ ತಂದುಕೊಡುತ್ತಿದ್ದ.

ದಪ್ಪನೆಯ ಮೈ, ಚುರುಕು ನಡಿಗೆ. ಲೇಬಲ್ ಅಂಟಿಸುವಾಗ ಪುಸ್ತಕದ ಬೆನ್ನಿನ ಬುಡದಿಂದ ಮೂರು ಬೆರಳು ಅಳೆದು, ಅದರ ಮೇಲೆ ಚೀಟಿ ಇಟ್ಟು, ಹಳೆಯ ಬಾಚಣಿಗೆಯ ಬೆನ್ನಿನಿಂದ ಉಜ್ಜುತ್ತಿದ್ದರು. ನನ್ನ ಬೆರಳು ಸಣ್ಣವು. ಹೀಗಾಗಿ ನಾನು ಅಂಟಿಸಿದ ಸಾಲು ಅವರ ಸಾಲಿಗಿಂತ ಕೂದಲೆಳೆಯಷ್ಟು ಕೆಳಗೆ. ರ್ಯಾಕಿನ ಮುಂದೆ ನಿಂತು ಒಮ್ಮೆ ನೋಡಿ, "ಇದು ನಿಂದು, ಇದು ನಂದು, ಇದು ನಿಂದು. ನಿನಗ ನಾಕ್ ರೊಟ್ಟಿ ಹಾಕಿದ್ರ ಎಲ್ಲಾ ಒಂದ ಸಾಲಿಗೆ ಬರ್ತಾವ," ಅನ್ನುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿ ಖರೇನೇ ಒಂದು ರೊಟ್ಟಿ ಹೆಚ್ಚಿಗೆ ಹಾಕುತ್ತಿದ್ದರು, ಮೇಲೆ ಶೇಂಗಾ ಹಿಂಡಿ.

ಯಾವುದನ್ನೂ ಚೆಲ್ಲುತ್ತಿರಲಿಲ್ಲ. ಲಗ್ನಪತ್ರಿಕೆ ಬಂದರೆ ಊಟಕ್ಕೆ ಹೋಗಿಬಂದ ಮರುದಿನ ಅದನ್ನು ಉದ್ದುದ್ದ ಕತ್ತರಿಸಿ ಹುಡುಗರಿಗೆ ಪುಟದ ಗುರುತಿಗೆ ಕೊಡುತ್ತಿದ್ದರು. ಎಷ್ಟೋ ಹುಡುಗರ ಪುಸ್ತಕಗಳಲ್ಲಿ ಯಾರದೋ ಮದುಮಗನ ಅರ್ಧ ಹೆಸರು ಇಣುಕುತ್ತಿತ್ತು. ಪೇಡೆ ಡಬ್ಬಿಯ ದಾರ, ಬಂದ ಲಕೋಟೆಯ ಒಳಮೈ, ಒಂದು ಕಡೆ ಖಾಲಿ ಇರುವ ಕಾಗದ, ಎಲ್ಲಕ್ಕೂ ಅವರ ಕಪಾಟಿನಲ್ಲಿ ಜಾಗ ಇತ್ತು.

ಲೇಬಲ್ ಹಾಳೆಗೂ ಇತ್ತು. ಒಂದು ಹಾಳೆಯಲ್ಲಿ ಹಲವು ಚೀಟಿಗಳಿರುತ್ತವೆ. ಹತ್ತೇ ಪುಸ್ತಕ ಬಂದ ದಿನ ಹತ್ತು ಚೀಟಿ ಖರ್ಚಾಗಿ ಉಳಿದದ್ದು ಹಾಳೆಯಲ್ಲೇ ಉಳಿಯುತ್ತಿತ್ತು. ಅಕ್ಕೋರು ಅಂಥ ಅರ್ಧ ಹಾಳೆಗಳನ್ನು ಕೂಡಿಸಿಟ್ಟು ತಲೆಕೆಳಗು ಮಾಡಿ ಮತ್ತೆ ಪ್ರಿಂಟರಿಗೆ ಕೊಡುತ್ತಿದ್ದರು. ವರ್ಷಗಟ್ಟಲೆ ಅದು ನಡೆದಿತ್ತು. ಆ ಪ್ರಿಂಟರಿನ ಒಳಗೆ ಕಾಗದವನ್ನು ಒತ್ತಿ ಕಾಯಿಸುವ ಉರುಳೆ ಇರುತ್ತದೆ. ಒಮ್ಮೆ ಅದರ ಕೆಳಗೆ ಹೋಗಿ ಬಂದ ಹಾಳೆಯಲ್ಲಿ ಉಳಿದ ಚೀಟಿಗಳ ಅಂಚು ಎದ್ದಿರುತ್ತದೆ. ಎರಡನೆಯ ಸಲ ಅವು ಕಿತ್ತುಬಂದು ಬಿಸಿ ಉರುಳೆಗೇ ಸುತ್ತಿಕೊಳ್ಳುತ್ತವೆ. ಆವತ್ತು ಆದದ್ದು ಅದು. ಸಿಕ್ಕಿಬಿದ್ದ ಯಂತ್ರ ಎಳೆದ ಕರೆಂಟನ್ನು ಹಳೆಯ ಪ್ಲಗ್ಗು ತಾಳಲಿಲ್ಲ.

ವಿಚಾರಣೆಗೆ ಬಂದವರು ಹಳೆಯ ವಾಯರಿಂಗಿನ ಮೇಲೆ ಹಾಕಿ ಮುಗಿಸುವವರಿದ್ದರು. ಪ್ರಾಚಾರ್ಯರಿಗೂ ಅದೇ ಅನುಕೂಲವಿತ್ತು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕುಳಿತಿದ್ದ ಅಕ್ಕೋರು ಹೇಳಿದರು: "ವಾಯರಿಂಗ್ ಖರೇರಿ. ಆದ್ರ ಮೊದಲ ಕೆಟ್ಟದ್ದು ನನ್ನ ಹಾಳಿ. ಒಮ್ಮೆ ಬಳಸಿದ್ದು ಮತ್ತ ಹಾಕಬ್ಯಾಡ್ರಿ ಅಂತ ಪ್ಯಾಕೀಟ್ ಮ್ಯಾಲ ಬರದೈತಿ. ಓದಾಕ ಬರಲಾರ್ದಾಕಿ ಅಲ್ಲ ನಾ. ಓದಿ, ಆಮ್ಯಾಲ ಹಾಕೇನಿ."

ನನಗೆ ಅವರ ಕೈ ಹಿಡಿದುಕೊಳ್ಳಬೇಕು ಅನಿಸಿತು. ಆದರೆ ಹಿಡಿಯುವ ಕಡೆಯೇ ಬ್ಯಾಂಡೇಜು.

ಸುಟ್ಟದ್ದು ಒಂದು ಕೋಣೆ. ಕೆಟ್ಟದ್ದು ಇಡೀ ಗ್ರಂಥಾಲಯ. ಬೆಂಕಿ ಆರಿಸುವವರು ಬಿಟ್ಟ ನೀರು ರ್ಯಾಕುಗಳ ಮೇಲೆಲ್ಲ ಬಿದ್ದು, ಪುಸ್ತಕಗಳನ್ನು ಒಣಗಿಸುವುದರೊಳಗೆ ಲೇಬಲ್‌ಗಳು ಎಲೆ ಉದುರಿದಂತೆ ಉದುರಿದವು. ಬೆನ್ನಿಗೆ ನಂಬರಿಲ್ಲದ ಪುಸ್ತಕ ರ್ಯಾಕಿನಲ್ಲಿದ್ದರೂ ಇಲ್ಲದಂತೆ. ಹೊಸ ವರ್ಷದ ಹುಡುಗರು ಬರುವ ಮೊದಲು ಎಲ್ಲಕ್ಕೂ ಹೊಸ ಲೇಬಲ್ ಆಗಬೇಕಿತ್ತು.

"ಕೈಲೇ ಬರದು ಹಚ್ರಿ. ಮತ್ತ ಆ ಪ್ರಿಂಟರಿನ ಉಸಾಬರಿ ಯಾಕ್ರಿ," ಎಂದರು ಪ್ರಾಚಾರ್ಯರು.

"ನಮ್ಮ ಸಿಪಾಯಿ ಮೂರು ಬರದ್ರ ಎಂಟು ಕಾಣ್ತೈತಿ ಸರ್. ಮುನ್ನೂರಾ ಮೂವತ್ತರ ಅರ್ಥಶಾಸ್ತ್ರ ಎಂಟ್ನೂರಾ ಎಂಬತ್ತಾಗಿ ಗ್ರೀಕ್ ಸಾಹಿತ್ಯದಾಗ ಕುಂದ್ರತೈತಿ. ಆಮ್ಯಾಲ ನಮ್ಮ ಹುಡುಗೂರು ಗ್ರೀಕ್ ಓದಿ ಪರೀಕ್ಷಾ ಬರೀತಾರ." ಪ್ರಾಚಾರ್ಯರು ನಕ್ಕು ಹೂಂ ಅಂದರು.

ಈ ನಡುವೆ ನಾನು ಆ ಕೋಣೆಯ ಹತ್ತಿರವೂ ಹೋಗುತ್ತಿರಲಿಲ್ಲ. ಕೌಂಟರಿನಲ್ಲೇ ಕುಳಿತು ಕೆಲಸ ಮಾಡುತ್ತಿದ್ದೆ. ಇಬ್ರಾಹಿಂಪುರದ ನಮ್ಮ ಮನೆಯಲ್ಲಿ ರಾತ್ರಿ ಆ ಹಲ್ಲು ಕಡಿಯುವ ಸದ್ದಿಗೆ ಎಚ್ಚರವಾಗುತ್ತಿತ್ತು. ಎದ್ದು ಫ್ರಿಜ್ಜಿನ ಪ್ಲಗ್ಗು, ಮಿಕ್ಸಿಯ ಪ್ಲಗ್ಗು, ಗ್ಯಾಸಿನ ಗುಂಡಿ ಎಲ್ಲ ಮುಟ್ಟಿ ನೋಡಿ ಬಂದು ಮಲಗುತ್ತಿದ್ದೆ, ಮತ್ತೆ ಏಳುತ್ತಿದ್ದೆ. ನಮ್ಮವರು ಮೊದಮೊದಲು ನನ್ನ ಜೊತೆ ಎದ್ದರು, ಆಮೇಲೆ ಮಗ್ಗುಲಾದರು. ನೌಕರಿ ಬಿಡುವುದೆಂದು ಗಟ್ಟಿ ಮಾಡಿಕೊಂಡು ಅಕ್ಕೋರಿಗೆ ಹೇಳಿದೆ. ಓದಿದ್ದು ಇದನ್ನೇ, ಇಷ್ಟಪಟ್ಟು ಸೇರಿದ್ದೂ ಇದಕ್ಕೇ. ಆದರೂ ಆ ಬಾಗಿಲು ದಾಟಲು ನನ್ನಿಂದ ಆಗುತ್ತಿರಲಿಲ್ಲ.

ಅವರು ಬೇಡ ಅನ್ನಲಿಲ್ಲ. "ಬಿಡು. ಎಲ್ಲೆರ ಸಾಲ್ಯಾಗ ಹುಡುಗೂರಿಗೆ ಕಲಿಸು, ನಿನಗ ಒಪ್ಪತೈತಿ. ಆದ್ರ ಹೋಗೂ ಮುಂದ ನನಗೊಂದು ಯಂತ್ರಾ ಆರಿಸಿ ಕೊಟ್ಟು ಹೋಗು."

"ನಾನ್ಯಾಕ್ರಿ ಅಕ್ಕೋರ? ನನಗ ಪ್ರಿಂಟರ್ ಅಂದ್ರ ಕೈ ಕಾಲು ತಣ್ಣಗಾಗ್ತಾವ."

"ಅದಕ್ಕ. ಅಂಜಿದಾಕಿ ಕಣ್ಣು ಬೇಕು ನನಗ. ನನ್ನ ಕಣ್ಣಿನ ಮ್ಯಾಲ ನನಗ ನಂಬಿಗಿ ಹೋಗೇತಿ. ಅಗ್ಗಾ ಕಂಡಲ್ಲಿ ಜಾರ್ತಾವ ಅವು."

ಯಂತ್ರ ನೋಡುವುದನ್ನು ಅವರು ವರ ನೋಡುವ ಹಾಗೆ ಮಾಡಿದರು. ಮೊದಲು ಅಂಗಡಿಯವರು ಒಬ್ಬೊಬ್ಬರಾಗಿ ಬಂದರು. ಒಬ್ಬ ಚೊಕ್ಕ ಅಂಗಿಯ ಹುಡುಗ ಅಂಗೈಯಷ್ಟು ಯಂತ್ರ ತಂದು ಕೌಂಟರಿನ ಮೇಲಿಟ್ಟು, "ಇದಕ್ಕ ಶಾಯೀನೂ ಬ್ಯಾಡ, ರಿಬ್ಬನ್ನೂ ಬ್ಯಾಡ್ರಿ ಮೇಡಂ. ಕಾಗದಕ್ಕ ಬಿಸಿ ತಾಗಿದ್ರ ತಾನಾ ಕಪ್ಪಾಗಿ ಅಕ್ಷರ ಮೂಡ್ತಾವ," ಅಂದ.

"ಬಿಸಿ ತಾಗಿದ್ರ ಕಪ್ಪಾಗ್ತೈತಿ," ಅಕ್ಕೋರು ನಿಧಾನ ಹೇಳಿದರು. "ಮೇ ತಿಂಗಳದಾಗ ನಮ್ಮ ಊರಾಗ ಯಾವುದಕ್ಕ ಬಿಸಿ ತಾಗೂದಿಲ್ಲೋ ತಮ್ಮಾ?"

ಆದರೂ ಅವನಿಂದ ಮೂರು ಚೀಟಿ ಮಾದರಿಗೆ ತೆಗೆದುಕೊಂಡರು. ಬಣ್ಣದ ಶಾಯಿಯ ಪ್ರಿಂಟರಿನವನಿಂದ ಮೂರು, ರಿಬ್ಬನ್ ಹಾಕಿ ಹೊಡೆಯುವ ಯಂತ್ರದವನಿಂದ ಮೂರು. ಜೊತೆಗೆ ನಮ್ಮ ಸಿಪಾಯಿಯ, ಅಂದರೆ ಜವಾನನ, ಕೈಬರಹದವು. ಎಲ್ಲವನ್ನೂ ರದ್ದಾದ ಪುಸ್ತಕಗಳ ಬೆನ್ನಿಗೆ ಅಂಟಿಸಿ ಬಬಲೇಶ್ವರಕ್ಕೆ ಒಯ್ದರು. ಅಲ್ಲಿ ನಮ್ಮ ಸಂಸ್ಥೆಯದೇ ಸಣ್ಣ ಶಾಖೆ ಇದೆ. ತಗಡಿನ ಚಾವಣಿ, ಪಡುವಣಕ್ಕೆ ಕಿಟಕಿ. ಪುಸ್ತಕಗಳನ್ನು ಆ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿ, "ಇರ್ರಿ ಇಲ್ಲೇ. ಬ್ಯಾಸಿಗಿ ಮಾಡ್ರಿ," ಎಂದು ಪುಸ್ತಕಗಳಿಗೇ ಹೇಳಿ ಬಂದರು. ಬಬಲೇಶ್ವರ ಅವರ ತವರು. ಆ ಬಿಸಿಲು ಏನು ಮಾಡುತ್ತದೆಂದು ಅವರಿಗೆ ಗೊತ್ತು.

ಕೆಲವು ವಾರ ಬಿಟ್ಟು ನಾವಿಬ್ಬರೂ ಬಸ್ಸಿನಲ್ಲಿ ಹೋಗಿ ನೋಡಿದಾಗ ಬೇಸಿಗೆ ಏರಿತ್ತು. ಶಾಯಿ ಬೇಡವೆಂದವನ ಚೀಟಿಗಳು ಪೂರ್ತಿ ಕಪ್ಪಾಗಿ ಅಕ್ಷರ ಅದರೊಳಗೆ ಮುಳುಗಿದ್ದವು. ಕೈಬರಹ ಮಾಸಿತ್ತು. ಅಕ್ಕೋರು ಕುಡಿಯುತ್ತಿದ್ದ ಮಜ್ಜಿಗೆಯಲ್ಲಿ ಹೆಬ್ಬೆರಳು ಅದ್ದಿ ಉಳಿದವುಗಳನ್ನು ಒಂದೊಂದಾಗಿ ಒರೆಸಿದರು. "ಹುಡುಗೂರ ಕೈ ಇದಕ್ಕಿಂತಾ ಹೊಲಸಿರ್ತಾವ." ಬಣ್ಣದ ಶಾಯಿಯದು ಹರಡಿಕೊಂಡಿತು. ರಿಬ್ಬನ್ನಿನದು ಹಾಗೇ ಇತ್ತು. ಅಲ್ಲಿ ಕುಳಿತಿದ್ದ ಒಬ್ಬ ಹುಡುಗಿ ನಮ್ಮನ್ನೇ ನೋಡುತ್ತಿದ್ದಳು. ಅಕ್ಕೋರು ಮಜ್ಜಿಗೆಯ ಬೆರಳನ್ನು ಸೆರಗಿಗೆ ಒರೆಸಿ, "ಇಂಥಾ ವಿದ್ಯಾ ಪುಸ್ತಕದಾಗ ಸಿಗೂದಿಲ್ಲ, ನೀ ಓದು," ಅಂದರು.

ನಾನು ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವರಿಗೆ ಮುಗಿದಿರಲಿಲ್ಲ. "ವರಾ ಚಂದ ಅದಾನ. ಮನ್ಯಾಗ ಹ್ಯಾಂಗದಾನ ನೋಡಬೇಕಲ್ಲ."

ಹೀಗೆ ಹೋದದ್ದು ತಿಕೋಟಾಕ್ಕೆ, ಒಂದು ಒಣದ್ರಾಕ್ಷಿಯ ಶೆಡ್ಡಿಗೆ. ಆ ಕಡೆ ಅದಕ್ಕೆ ಮಣೂಕ ಅನ್ನುತ್ತಾರೆ. ಪೆಟ್ಟಿಗೆಗಳಿಗೆ ಚೀಟಿ ಹಚ್ಚಲು ಅಲ್ಲಿ ಅದೇ ಬಗೆಯ ಯಂತ್ರ ದಿನವಿಡೀ ಓಡುತ್ತಿತ್ತು. ಧೂಳು, ಸೆಕೆ, ಎಲ್ಲರ ಕೈಗೂ ದ್ರಾಕ್ಷಿಯ ಜಿಗಿ. ಶೆಡ್ಡಿನ ಮಾಲೀಕ ನಮ್ಮ ಕಾಲೇಜಿನಲ್ಲೇ ಓದಿದವನು. ಅಕ್ಕೋರನ್ನು ಕಂಡವನೇ ಎದ್ದು ಬಂದ.

"ಬರ್ರಿ ಅಕ್ಕೋರ. ಏನ್ರಿ, ಲೈಬ್ರರಿ ಬಿಟ್ಟು ಮಣೂಕದ ವ್ಯಾಪಾರಕ್ಕ ಇಳದ್ರೇನು?"

"ಯಾರಪಾ ನೀ? ಮಾರಿ ನೋಡೇನಿ."

"ಆರ್ನೂರಾ ಮೂವತ್ನಾಕು ಪಾಯಿಂಟ್ ಎಂಟ್ರಿ."

ಅದು ದ್ರಾಕ್ಷಿ ಬೆಳೆಯ ಪುಸ್ತಕಗಳ ನಂಬರು. ಅಕ್ಕೋರ ಮುಖ ಅರಳಿತು. "ಹಾ, ನೀನಾ? ಎರಡು ಪುಸ್ತಕದ ನಡು ಪಾನ್ ಅಡಗಿಸಿ ಇಡ್ತಿದ್ದಿ. ಕುಂದ್ರು. ನಿನ್ನ ಈ ಯಂತ್ರದ ಅವಗುಣ ಹೇಳು. ಚಲೋದು ಮಾರಾಂವಾ ಹೇಳ್ಯಾನ."

ಅವನು ತಲೆ ಕೆರೆದುಕೊಂಡ. "ರಿಬ್ಬನ್ ತಿಂತೈತ್ರಿ. ಒಮ್ಮೊಮ್ಮೆ ಚೀಟಿ ಒಳಗ ಸುತ್ತಿಗೊಂತೈತಿ, ಮುಚ್ಚಳಾ ತಗದು ಬಿಡಿಸಬೇಕು. ಮತ್ತೇನಿಲ್ರಿ."

ಒಳಗೆ ಸುತ್ತಿಕೊಳ್ಳುತ್ತದೆ ಎಂದ ಕೂಡಲೇ ನಾನು ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಅಕ್ಕೋರು ಅದನ್ನು ನೋಡಿದರು. ಯಂತ್ರ ಚೀಟಿಯ ಮೇಲೆ ಚೀಟಿ ಉಗುಳುತ್ತಲೇ ಇತ್ತು. "ಮ್ಯಾಲ ಕೈ ಇಟ್ಟು ನೋಡು," ಅಂದರು.

"ನೀವ ನೋಡ್ರಿ ಅಕ್ಕೋರ."

"ನಾ ನೋಡಿದ್ರ ಏನುಪಯೋಗ? ಬಾಳೇವು ಮಾಡೂ ಹುಡುಗಿ ನೋಡಬೇಕು." ಅಷ್ಟು ಹೇಳಿ ಅವರು ಒಂದು ಪೆಟ್ಟಿಗೆಯ ಮೇಲೆ ಕುಳಿತು ಮಣೂಕ ತಿನ್ನುತ್ತ ಆ ಮಾಲೀಕನ ಜೊತೆ ಅವನ ಹೆಂಡತಿ, ಮಕ್ಕಳು, ಈ ಸಲದ ದ್ರಾಕ್ಷಿಯ ರೋಗ ಎಲ್ಲ ಮಾತಾಡತೊಡಗಿದರು. ನನ್ನ ಕಡೆ ನೋಡಲೇ ಇಲ್ಲ. ಬಸ್ಸಿನ ಹೊತ್ತು ಮೀರುತ್ತಿದೆ ಅಂದರೂ ಏಳಲಿಲ್ಲ. ಎಷ್ಟು ಹೊತ್ತು ನಿಂತೆನೋ. ಕೊನೆಗೆ ಅಂಗೈ ಇಟ್ಟೆ. ನಮ್ಮ ಮಧ್ಯಾಹ್ನದ ಸ್ಟೀಲಿನ ಡಬ್ಬಿಯಷ್ಟೂ ಬಿಸಿ ಇರಲಿಲ್ಲ. ಇನ್ನೊಂದು ಕೈಯನ್ನೂ ಇಟ್ಟೆ.

ಅಕ್ಕೋರು ಆಗ ಎದ್ದು ಬಂದು ಸುರುಳಿಯನ್ನೇ ನೋಡುತ್ತ ನಿಂತರು. ಚೀಟಿಗಳು ಹಾಳೆಯಲ್ಲಿರಲಿಲ್ಲ. ಪಟ್ಟಿಯ ಹಾಗೆ ಒಂದರ ಹಿಂದೊಂದು ಬರುತ್ತಿದ್ದವು.

"ಇದರಾಗ ಅರ್ಧಾ ಉಳಿಯೂದು ಏನೂ ಇಲ್ಲೇನು?"

"ಏನ್ ಉಳೀತೈತ್ರಿ? ಬೇಕಾದಷ್ಟು ಹೊಡಿಯೂದು, ಹರಿಯೂದು."

ಅಕ್ಕೋರು ತಿರುಗಿ ಬರುವ ಬಸ್ಸಿನಲ್ಲಿ ತೊರವಿ ದಾಟುವಾಗ ಹೇಳಿದರು: "ಇದನ್ನ ತಗೊಳ್ಳೂಣು. ನನ್ನಂಥಾಕಿ ಕೈಯಾಗ ಉಳಿಯೂದು ಕೊಡಬಾರ್ದು ತಂಗಿ. ಉಳದ್ರ ನಾ ಬಳಸೇ ಬಳಸ್ತೇನಿ. ಎಷ್ಟು ಸುಟ್ಟುಕೊಂಡ್ರೂ ಆ ಬುದ್ಧಿ ಹೋಗಂಗಿಲ್ಲ." ಹಾಗೆ ಹೇಳುತ್ತಲೇ ಬಸ್ಸಿನ ಟಿಕೀಟನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡರು. ನಾನು ನೋಡಿದ್ದು ಕಂಡು ಇಬ್ಬರೂ ನಕ್ಕೆವು. ಬೆಂಕಿ ಬಿದ್ದ ಮೇಲೆ ನಾನು ಹಾಗೆ ನಕ್ಕದ್ದು ಅದೇ ಮೊದಲು.

ಯಂತ್ರ ಬಂದದ್ದು ಅವರ ನಿವೃತ್ತಿಯ ಹತ್ತಿರಕ್ಕೆ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ ಹೊಸ ವಾಯರಿಂಗ್ ಹಾಕಿಸಿದ್ದರು. ಅಕ್ಕೋರು ಮೊದಲು ಒಳಗೆ ಹೋಗಿ ಕಿಟಕಿಯ ಕೆಳಗಿನ ನನ್ನ ಕುರ್ಚಿಯಲ್ಲಿ ತಾವೇ ಕುಳಿತುಕೊಂಡರು. ನನಗೆ ಉಳಿದದ್ದು ಬಾಗಿಲ ಪಕ್ಕದ ಜಾಗ. "ನೀ ಹೊಡಿ, ನಾ ಹಚ್ತೇನಿ," ಅಂದರು. ನಾನು ಹೊಸ್ತಿಲು ದಾಟಿದೆ. ಅವರು ಯಂತ್ರವನ್ನು ಒಮ್ಮೆಯೂ ಮುಟ್ಟಲಿಲ್ಲ. ಸುಟ್ಟು ಮಾಯ್ದ ಕೈಯಿಂದಲೇ ಮೂರು ಬೆರಳು ಅಳೆದು, ಬಾಚಣಿಗೆಯಿಂದ ಉಜ್ಜಿ, ದಿನವಿಡೀ ಅಂಟಿಸಿದರು. ಎಲ್ಲ ಮುಗಿಯಲಿಲ್ಲ. ಕೊನೆಯ ದಿನ ಹಾರ ಹಾಕಿಸಿಕೊಂಡು, ಹಾರದ ದಾರ ಬಿಚ್ಚಿ ಕಪಾಟಿನಲ್ಲಿಟ್ಟು, "ಉಳಿದದ್ದು ನೀ ಹಚ್ಚು," ಎಂದು ಬಬಲೇಶ್ವರದ ಬಸ್ಸು ಹತ್ತಿದರು. ನಾನು ನೌಕರಿ ಬಿಡುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ಮಂಗಳವಾರ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಕೃಷಿಯ ರ್ಯಾಕಿನ ಲೇಬಲ್ ಹೊಡೆಯುತ್ತಿದ್ದೆ. ಯಂತ್ರ ಒಮ್ಮೆಲೆ ಗರ್ ಎಂದು ನಿಂತಿತು. ಚೀಟಿ ಒಳಗೆ ಸುತ್ತಿಕೊಂಡಿತ್ತು. ನಾನು ಪ್ಲಗ್ ತೆಗೆದು ಹೊರಗೆ ಓಡಿಬಂದು ರ್ಯಾಕುಗಳ ನಡುವೆ ನಿಂತು ಅಕ್ಕೋರಿಗೆ ಫೋನ್ ಮಾಡಿದೆ. ಅವರ ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ಕೇಳಿಸುತ್ತಿತ್ತು.

"ಹೊಗಿ ಬಂತೇನು?"

"ಇಲ್ರಿ."

"ವಾಸನಿ?"

"ಇಲ್ರಿ."

"ಮುಟ್ಟಿ ನೋಡಿದೇನು?"

ನಾನು ಒಳಗೆ ಹೋಗಿ ಮುಟ್ಟಿದೆ. "ತಣ್ಣಗೈತ್ರಿ."

"ಮತ್ತ ನನ್ನ ಯಾಕ ಕೇಳ್ತಿ? ಮುಚ್ಚಳಾ ತಗಿ. ಇಲ್ಲೆ ನನ್ನ ಪಲ್ಲೆ ಹೊತ್ತಾಕತ್ತೈತಿ," ಎಂದು ಫೋನ್ ಇಟ್ಟುಬಿಟ್ಟರು.

ಮುಚ್ಚಳ ತೆಗೆದೆ. ಸಣ್ಣ ಉರುಳೆಗೆ ಎರಡು ಚೀಟಿ ಸುತ್ತಿಕೊಂಡಿದ್ದವು. ಉಗುರಿನಿಂದ ನಿಧಾನ ಎಬ್ಬಿಸಿ ಬಿಡಿಸಿದೆ. ಮುಚ್ಚಳ ಹಾಕಿ, ಪ್ಲಗ್ ಚುಚ್ಚಿ, ಗುಂಡಿ ಒತ್ತಿದೆ. ನಿಂತಲ್ಲಿಂದಲೇ ಮುಂದಿನ ನಂಬರು ಬಂತು. ಸಂಜೆಯ ಹೊತ್ತಿಗೆ ಕೃಷಿಯ ರ್ಯಾಕು ಪೂರ್ತಿ ಮುಗಿಸಿ, ಬೀಗ ಹಾಕಿ, ಮನೆಗೆ ಬಂದು ಉಂಡು ಮಲಗಿದೆ.

ಬುಧವಾರ ನಾನು ಎದ್ದಾಗ ಬೆಳ್ಳಗೆ ಬೆಳಗಾಗಿತ್ತು. ಅಂಗಳದಲ್ಲಿ ನೀರು ನಿಂತಿತ್ತು. ನಮ್ಮ ಅತ್ತೆ ತಂತಿಯ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಹಿಂಡುತ್ತ ಗೊಣಗುತ್ತಿದ್ದರು.

"ರಾತ್ರಿಯೆಲ್ಲಾ ಗುಡುಗಿ ಮಳಿ ಹೊಡದೈತಿ. ಒಂದ ಅರಿವೀನೂ ಉಳದಿಲ್ಲ. ದಿನಾ ನೀ ಎದ್ದ ಇರ್ತಿ, ತಗೀತಿ ಅಂತ ನಾ ಹೊರಗ ಬಿಟ್ಟು ಮಲಗೇನಿ. ನಿನ್ನಿ ಏನಾಗಿತ್ತು ನಿನಗ?"

"ನಿದ್ದಿ ಹತ್ತಿತ್ರಿ ಅತ್ತಿ," ಅಂದೆ.

ಅವರು ಹಿಂಡುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಇನ್ನೊಂದು ಹಸಿ ಸೀರೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಇಬ್ಬರೂ ಆಚೆ ಈಚೆ ನಿಂತು ಹಿಂಡಿದೆವು.